ಎರಡಿಂಚು

ಕೊಟ್ಟಾರ ಚೌಕಿಯಲ್ಲಿ, ಫ್ಲೈಓವರಿನ ನೆರಳು
ಮೂರು ಗಂಟೆಗೆ ಬಂದು ತಲುಪುವ ಟಯರಂಗಡಿ ನಮ್ಮದು.
ಬಂಗುಡೆಯ ಮುಳ್ಳು ಬೆಕ್ಕಿಗೆ ಹಾಕಿ ಕೈ ತೊಳೆಯುತ್ತಿದ್ದೆ.
ಹೊಟ್ಟೆ ನೆಲಕ್ಕೆ ತಾಗೀತೋ ಎಂಬ ಹೆದರಿಕೆಯಲ್ಲಿ
ಹಂಪನ್ನು ಓರೆಯಾಗಿ ಹತ್ತಿ ಇಳಿಯಿತು
ಕೆಂಪು ಕಾರು. ಎರಡೇ ಬಾಗಿಲು. ಹಳೆಯದು, ಆದರೆ
ಇಂಜಿನಿನ ಗಂಟಲಲ್ಲಿ ಇನ್ನೂ ಹರೆಯ.

ಮೊದಲು ಒಂದು ಕೊಡೆ, ಆಮೇಲೆ ಒಂದು ಮೊಣಕಾಲು,
ಕೊನೆಗೆ ಲೂಸಿಲ್ಲಾ ಬಾಯಿ.
ಪಣಂಬೂರಿನ ಹಡಗು ಏಜೆನ್ಸಿಯಲ್ಲಿ ಮೂವತ್ತೊಂದು ವರ್ಷ
ಅದಿರು ಎಷ್ಟು ಟನ್ನು, ಗೋಡಂಬಿ ಎಷ್ಟು ಚೀಲ,
ಬರೆದು ಬರೆದು ನಿವೃತ್ತರಾದವರು.
"ಹದಿನೈದು ತೆಗೆದು ಹದಿನೇಳು ಹಾಕು ಮಾರಾಯ.
ಈಗ ನೋಡಿದರೆ
ಮದುವೆಗೆ ಕೋಟು ತೊಟ್ಟು ಕಾಲಿಗೆ ಹವಾಯಿ ಮೆಟ್ಟಿದ ಹಾಗೆ ಉಂಟು."

"ಚಪ್ಪಲಿ ದೊಡ್ಡದಾದರೆ ಓಟ ದೊಡ್ಡದಾಗ್ತದಾ ಬಾಯಿ?"
ಎಂದರು ಸೇಸಪ್ಪಣ್ಣ, ಜಾಕಿನ ಹಿಂದಿನಿಂದ.
ಅವರು ಕೇಳಿಸಿಕೊಳ್ಳಲಿಲ್ಲ.

ನಾನು ಟೇಪು ಹಿಡಿದು ಒಪ್ಪಿಸಿದೆ:
ತೆಳು ಟಯರಾದರೆ ಎತ್ತರ ಹೆಚ್ಚುಕಡಿಮೆ ಸರಿ ಕೂರುತ್ತದೆ,
ಆದರೆ ನಂತೂರಿನ ಗುಂಡಿ ರಿಮ್ಮನ್ನು ಹಪ್ಪಳ ಮಾಡುತ್ತದೆ.
ದಪ್ಪದ್ದು ಹಾಕಿದರೆ ರಿಮ್ಮು ಉಳಿದೀತು,
ಪೂರ್ತಿ ತಿರುಗಿಸಿದಾಗ ಮಡ್ಗಾರ್ಡಿಗೆ ಉಜ್ಜೀತು,
ಮತ್ತೆ ಮೀಟರು ಸುಳ್ಳು ಹೇಳುತ್ತದೆ.
ಎಂಬತ್ತು ಎಂದು ಅದು ತೋರಿಸುವಾಗ ನೀವು ಎಂಬತ್ತೇಳರಲ್ಲಿರುತ್ತೀರಿ.
ಹನ್ನೆರಡು ಕಿಲೋಮೀಟರು ಎಂದು ಅದು ಎಣಿಸುವಷ್ಟರಲ್ಲಿ
ಹದಿಮೂರನೆಯದು ಎಲ್ಲಿಯೂ ಬರೆಯದೆ ಹೋಗಿಬಿಡುತ್ತದೆ.

"ಬರೆಯದೆ?"
"ಬರೆಯದೆ."
ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದರು.
"ಹಾಗಾದರೆ ದಪ್ಪದ್ದೇ ಹಾಕು."

ಸಾಬೂನು ನೀರು ಸವರಿ, ಗಾಳಿ ಬಿಟ್ಟು ಕಾದರೆ
ಟಯರು ರಿಮ್ಮಿನೊಳಗೆ ಟಪ್ಪೆಂದು ಕೂರುವ ಆ ಒಂದು ಸದ್ದು!
ಇಪ್ಪತ್ತು ವರ್ಷವಾದರೂ ನನಗೆ ಅದು
ಯಾರೋ ಕೊನೆಗೂ ಹೂಂ ಎಂದ ಹಾಗೆ.
ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಐದು ಗ್ರಾಂ, ಹತ್ತು ಗ್ರಾಂ
ಸೀಸದ ತುಂಡು ಅಂಟಿಸಿದೆ.
ಸೇಸಪ್ಪಣ್ಣ ಬಣ್ಣಕ್ಕೆ ಹದವಾಗಿ ಬಿಸಿಗಾಳಿ ಕೊಟ್ಟು
ಮನೆಯ ಒನಕೆಯನ್ನು ಚಕ್ರಕ್ಕೂ ತಗಡಿಗೂ ನಡುವೆ ತೂರಿಸಿ
ಅಂಚನ್ನು ಒಳಕ್ಕೆ ಮಡಚಿದರು,
ರೊಟ್ಟಿಯ ಅಂಚು ಮಡಚಿದಷ್ಟೇ ನಿಧಾನ.
ಬಾಯಿ ಉಸಿರು ಬಿಗಿಹಿಡಿದು ನಿಂತಿದ್ದರು.
ಬಣ್ಣ ಬಿರಿಯಲಿಲ್ಲ.

ನೋಡಿ ಬರುವ ಎಂದು ನನ್ನನ್ನೂ ಕೂರಿಸಿಕೊಂಡರು.
ಕೂಳೂರು ಸೇತುವೆ, ಹೊಳೆಯ ಕೆಸರು ವಾಸನೆ,
ಗ್ಯಾಸ್ ಟ್ಯಾಂಕರಿನ ಹಿಂದೆ ಇನ್ನೊಂದು ಗ್ಯಾಸ್ ಟ್ಯಾಂಕರು.
ಸ್ಟೇರಿಂಗು ತುಸು ಭಾರ. ಪಿಕಪ್ಪು
ಮೊದಲಿನದಲ್ಲ.
ನಾನು ಹೇಳಲಿಲ್ಲ.
ಅವರಿಗೂ ತಿಳಿಯಿತು, ಅವರೂ ಹೇಳಲಿಲ್ಲ.

ಬಂದರಿನ ಗೇಟು ಹತ್ತಿರವಾದಾಗ
ಕೈ ತನ್ನಷ್ಟಕ್ಕೆ ಎಡದ ಇಂಡಿಕೇಟರು ಹಾಕಿತು.
ಟಿಕ್ ಟಿಕ್ ಟಿಕ್.
ನಾಲ್ಕನೆಯದಕ್ಕೆ ತೆಗೆದರು.
ಮೊಬೈಲಿನಲ್ಲಿ ನಿಜವಾದ ವೇಗ ನೋಡಬಹುದು ಬಾಯಿ, ಎಂದೆ.
"ಜೇಬಿಗೆ ಹಾಕು ಅದನ್ನು.
ಮೂವತ್ತೊಂದು ವರ್ಷ ಒಂದು ಚೀಲ ತಪ್ಪಲಿಲ್ಲ."

ಸುರತ್ಕಲ್ಲಿನ ದೀಪಸ್ತಂಭದ ಬಳಿ ಪೂರ್ತಿ ತಿರುಗಿಸಿದಾಗ
ಎಡ ಮುಂದಿನದ್ದು ಕರ್ರ್ ಎಂದಿತು.
ಇನ್ನೊಮ್ಮೆ ಒನಕೆ ಹಾಕಬೇಕು ಅಂದೆ.
ಅಷ್ಟು ಇರಲಿ ಅಂದರು.

ಹಳೆಯ ನಾಲ್ಕು ಗಾಲಿ ಒಯ್ಯಲು ಇನ್ನೂ ಬಂದಿಲ್ಲ.
ಎರಡು ಸಲ ಫೋನು ಮಾಡಿದೆ,
ಆಚೆಯಿಂದ ಬರೀ ಗಾಳಿಯ ಸದ್ದು, ಮಲ್ಪೆಯೋ ಮರವಂತೆಯೋ.
ಮೂರನ್ನು ಗೋಡೆಗೆ ಒರಗಿಸಿದ್ದೇನೆ.
ನಾಲ್ಕನೆಯದರ ಮೇಲೆ ಗೋಣಿ ಹಾಸಿ ಕೂತು
ಸಂಜೆ ಚಹಾ ಕುಡಿಯುವುದು.
ಸೇಸಪ್ಪಣ್ಣನಿಗೆ ಅದು ತಗ್ಗಾಯಿತಂತೆ.